ಹತ್ತೊಂಬತ್ತು ಕೊಟ್ಟಿಗೆಗಳ ಓಣಿ

ಬೆಳಕು ಹರಿಯುವ ಹೊತ್ತಿಗೆ, ಮುನಿಸಿಪಾಲಿಟಿಗಾಗಿ ಮನೆ ನಂಬರು ಬರೆಯುವ ಗೌಸಮೊದ್ದೀನರು ಹುಬ್ಬಳ್ಳಿಯ ಯಾರದೋ ಮನೆ ಬಾಗಿಲಲ್ಲಿ ಬಣ್ಣದ ಡಬ್ಬಿ ಇಳಿಸಿರುತ್ತಾರೆ. ಚೌಕಟ್ಟಿನ ಧೂಳು ಒರೆಸಿ, ಉಸಿರು ಬಿಗಿಹಿಡಿದು, ಕರಿ ಬಣ್ಣದಲ್ಲಿ ಅಂಕಿ ಬರೆಯುತ್ತಾರೆ: ೭೪೬. ಒಳಗಿನವರು ಚಹಾ ಕೊಡುವುದಿರಲಿ, ಮುಖ ಸಿಂಡರಿಸುತ್ತಾರೆ. ಕರ ವಸೂಲಿಯವನು ಈ ಅಂಕಿ ನೋಡಿಕೊಂಡೇ ಬಾಗಿಲು ಬಡಿಯುವವನಲ್ಲವೇ!

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಹೊಸದು, ಮಾಸಿದ್ದು ಸೇರಿ ದಿನಕ್ಕೆ ಮೂವತ್ತು ಬಾಗಿಲು. ಅಕ್ಷರ ಬಾರದು; ಅಂಕಿ ಮಾತ್ರ ಮುತ್ತು ಪೋಣಿಸಿದಂತೆ. "ಮಾಲೀಕ ಸಾಯ್ತಾನ, ಮನಿ ಮಾರ್ತಾರ, ನಂಬರ್ ಅದ ಇರತೈತ್ರಿ. ಕರಾ ತುಂಬಾಕ, ನಳಾ ಹಾಕಿಸಾಕ, ಎಲ್ಲಾದಕ್ಕೂ ಅದನ್ನ ಕೇಳ್ತಾರ" ಎನ್ನುತ್ತಾರೆ.

ಅವರ ಮನೆ ಗಬ್ಬೂರ ದಾರಿಯ ಓಣಿಯಲ್ಲಿದೆ. ಅಲ್ಲಿನ ಹತ್ತೊಂಬತ್ತು ಬಾಗಿಲುಗಳಲ್ಲಿ ಒಂದಕ್ಕೂ ನಂಬರಿಲ್ಲ. ಹನ್ನೊಂದು ವರ್ಷದ ಹಿಂದೆ ಮುನಿಸಿಪಾಲಿಟಿಯ ಗುಮಾಸ್ತ ಮಹಾಂತಯ್ಯ ಮನೆಗಳ ರಜಿಸ್ಟರು ಹಿಡಿದು ಬಂದಾಗ, ಕೂಲಿಯವರ ಮೇಲೆ ಕರ ಬೀಳದಿರಲೆಂದು ಗೌಸಮೊದ್ದೀನರೇ ಅಡ್ಡ ನಿಂತು, "ಇವೆಲ್ಲಾ ದನದ ಕೊಟ್ಟಿಗಿ, ಬಿಡ್ರಿ ಅಯ್ನಾರ" ಎಂದಿದ್ದರು. ಓಣಿಯ ಕೆಸರಿಗೆ ಹೇಸಿದ ಮಹಾಂತಯ್ಯ ಹಾಗೆಯೇ ಬರೆದುಕೊಂಡು ಹೊರಟ. ಅಂದು ಓಣಿಯವರು ಇವರನ್ನು ಹೊತ್ತು ಕುಣಿದಿದ್ದರು.

ಈಗ ಜರ್ಮನಿ-ಜಪಾನಿನ ಯುದ್ಧ ಬಂದಿದೆ, ಜೋಳಕ್ಕೆ ರೇಷನ್ ಬಂದಿದೆ. ಕಾರ್ಡು ಬೇಕಾದರೆ ಮನೆ ನಂಬರು ಹೇಳಬೇಕು. ಪಕ್ಕದ ಮನೆಯ ಹನುಮವ್ವ ಮೂರು ಮಕ್ಕಳನ್ನು ಕಟ್ಟಿಕೊಂಡು ಹೋದರೆ, ಕಚೇರಿಯವರು ರಜಿಸ್ಟರು ತೆರೆದು ನಕ್ಕರಂತೆ. "ದನಕ್ಕ ಕಾರ್ಡ್ ಕೊಡೂದಿಲ್ಲ ತಂಗಿ."

ಕೇಳಿದ ಗೌಸಮೊದ್ದೀನರಿಗೆ ತಡೆಯಲಿಲ್ಲ. ಆ ಸಂಜೆಯೇ ಅವಳ ಬಾಗಿಲಿಗೆ ತಮ್ಮ ಕೈಯಾರೆ ಒಂದು ನಂಬರು ಬರೆದರು. ಮರುದಿನ ಹನುಮವ್ವ ಅದನ್ನು ಹೇಳಿ ಇನ್ನಷ್ಟು ಬೈಸಿಕೊಂಡಳು. ರಜಿಸ್ಟರಿನಲ್ಲಿ ಇಲ್ಲದ ಅಂಕಿ ಬರೀ ಬಣ್ಣ. ಖಾಲಿ ಚೀಲದೊಂದಿಗೆ ತಿರುಗಿ ಬಂದವಳು ಅಂದದ್ದಿಷ್ಟು: "ಛಲೋ ಉಪಕಾರ ಮಾಡಿದ್ರಿ ಕಾಕಾ. ಕರಾ ಉಳೀತು, ಹೊಟ್ಟಿ ಉಳೀಲಿಲ್ಲ." ಅಂದಿನಿಂದ ಮಾತಿಲ್ಲ. ಆ ಅಂಕಿಯನ್ನು ಅವರೇ ಕೆರೆದು ತೆಗೆದರು.

"ನನ್ನ ಮನ್ಯಾಗೂ ಜೋಳ ಇಲ್ರಿ, ಅದು ಹೋಗ್ಲಿ. ಆ ಹುಡುಗೂರ ಮುಖಾ ನೋಡಾಕ ಆಗವಲ್ದು," ಎನ್ನುತ್ತಾ ಕುಂಚ ಒರೆಸುತ್ತಾರೆ. "ವಯಸ್ಸಾಗಿ ಕೈ ನಡಗೂದರೊಳಗ ನಮ್ಮ ಓಣ್ಯಾಗ ಖರೇ ನಂಬರ್ ಬರೀಬೇಕ್ರಿ. ಹನ್ನೊಂದು ವರ್ಷದ ಕರಾ ಬೇಕಾದ್ರ ನನ್ನ ಪಗಾರದಾಗ ಹಿಡೀಲಿ."

ಹಾಗಾದರೆ ನಂಬರಿಗೆ ಅರ್ಜಿ ಹಾಕಿಲ್ಲವೇ ಎಂದು ಕೇಳಿದರೆ:

"ಹಾಕಾಕ ಹೋಗಿದ್ನಿರಿ. ಮೊದಲ ನಿನ್ನ ಮನಿ ನಂಬರ್ ಹೇಳು ಅಂದ್ರು."

ಅಷ್ಟು ಹೇಳಿ, ಡಬ್ಬಿ ಎತ್ತಿಕೊಂಡು ೭೪೭ರ ಬಾಗಿಲಿಗೆ ನಡೆಯುತ್ತಾರೆ.