ತಕೀರು ಗುಡಿಸುತ್ತಿದ್ದವಳು

ತಕೀರಿನ ಬಯಲಿನ ಮೇಲೆ ಬೈಕು ಹತ್ತಿಸಿದವರಿಗೆ ನಮ್ಮ ದೊಡ್ಡಮ್ಮ ಕಲ್ಲು ಹೊಡೆಯುತ್ತಿದ್ದಳು. ಗುರಿ ತಪ್ಪುತ್ತಿರಲಿಲ್ಲ. ಪೊಲೀಸಿನವನೊಬ್ಬ ತನ್ನ ಹೆಲ್ಮೆಟ್ಟಿಗೆ ಬಿದ್ದ ಏಟಿನ ಗುರುತನ್ನು ವರ್ಷಗಟ್ಟಲೆ ಕಂಡಕಂಡವರಿಗೆ ತೋರಿಸಿಕೊಂಡು ಓಡಾಡಿದ, ಕೇಸು ಮಾತ್ರ ಹಾಕಲಿಲ್ಲ. ಕರಕುಂ ಮರಳುಗಾಡಿನ ಆ ದಾರಿಯಲ್ಲಿ ಗಂಟಲು ಒಣಗಿದರೆ ಸಿಹಿನೀರು ಸಿಗುತ್ತಿದ್ದುದು ಅಕ್‌ಗುಯಿ ಎಂಬ ಹಳ್ಳಿಯ ಅವಳ ಬಾವಿಗಳಲ್ಲಿ ಮಾತ್ರ. ಪೊಲೀಸಿನವರಿಗೂ ಬಾಯಾರಿಕೆ ಆಗುತ್ತದೆ.

ಅವಳ ಹೆಸರು ಒಗುಲ್‌ಗೆರೆಕ್. ಗಂಡುಮಗು ಬೇಕು ಎಂದು ಅದರ ಅರ್ಥ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣೇ ಆದಾಗ ತಾತ ದೇವರಿಗೆ ನೇರವಾಗಿ ಅರ್ಜಿ ಹಾಕಿದ ಹಾಗೆ ಈ ಹೆಸರಿಟ್ಟ. ಐದನೆಯದಾಗಿ ಹುಟ್ಟಿದ್ದು ನನ್ನ ತಾಯಿ. ಅಲ್ಲಿಗೆ ತಾತ ಕೈಚೆಲ್ಲಿದ. ಬಾವಿಯ ವಿದ್ಯೆ ನಮ್ಮಲ್ಲಿ ಗಂಡಸರದ್ದು. ಹೇಳಿಕೊಡಲು ಗಂಡು ಸಂತಾನವಿಲ್ಲದೆ, ಬೇರೆ ದಾರಿ ಕಾಣದೆ, ಅದನ್ನು ಈ ನಾಲ್ಕನೆಯವಳಿಗೆ ಹೇಳಿಕೊಟ್ಟ. ಅವಳನ್ನು ಮದುವೆಯಾದ ಕುರುಬ ಕೂಡ ಹೆಂಡತಿಯನ್ನು ಕರೆದುಕೊಂಡು ಹೋಗುವ ಬದಲು ತಾನೇ ಬಂದು ಅಕ್‌ಗುಯಿಯಲ್ಲಿ ನೆಲೆಸಬೇಕಾಯಿತು. ಊರವರು ಆಡಿಕೊಂಡರು. ಆಡಿಕೊಂಡವರೂ ಅವಳ ಬಾವಿಯ ನೀರನ್ನೇ ಕುಡಿದರು.

ನಮ್ಮ ಸೀಮೆಯಲ್ಲಿ ಎಲ್ಲಿ ತೋಡಿದರೂ ಉಪ್ಪುನೀರು. ಮರಳುಗುಡ್ಡಗಳ ನಡುವೆ ಅಲ್ಲೊಂದು ಇಲ್ಲೊಂದು ಗಟ್ಟಿ ಜೇಡಿಮಣ್ಣಿನ ಬಯಲು ಇರುತ್ತದೆ, ಮನೆಯ ನೆಲದಷ್ಟು ಸಪಾಟು. ಅದೇ ತಕೀರು. ವರ್ಷಕ್ಕೆ ಐದಾರು ಸಲ ಮಳೆ ಬಿದ್ದರೆ ಹೆಚ್ಚು. ಬಿದ್ದ ನೀರು ತಕೀರಿನಲ್ಲಿ ಇಂಗದೆ ಹರಿದು, ಅಂಚಿನಲ್ಲಿ ತೋಡಿದ ಮರಳಿನ ಗುಂಡಿಗೆ ಇಳಿಯುತ್ತದೆ. ನೆಲದೊಳಗೆ ಉಪ್ಪುನೀರಿನ ಮೇಲೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಸಿಹಿನೀರು ನಿಲ್ಲುತ್ತದೆ. ಗುಂಡಿಯ ಸುತ್ತ ಏಳು ಬಾವಿ. ಒಂದರಲ್ಲಿ ನಾಲ್ಕು ಬಕೆಟ್ಟು ಸೇದಿದರೆ ಮುಂದಿನದಕ್ಕೆ ಹೋಗಬೇಕು. ಆಸೆಬಿದ್ದು ಒಂದರಲ್ಲೇ ಸೇದುತ್ತ ಕೂತರೆ ಕೆನೆ ಹರಿದು ಕೆಳಗಿನ ಉಪ್ಪು ಮೇಲೆ ಬರುತ್ತದೆ. ದೊಡ್ಡಮ್ಮ ದಿನಾ ಬೆಳಿಗ್ಗೆ ಏಳೂ ಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಮೋಡ ಕಂಡರೆ ಪೊರಕೆ ಹಿಡಿದು, ಕುರಿಯ ಹಿಕ್ಕೆ, ಮುಳ್ಳು, ಮರಳು ಎಲ್ಲವನ್ನೂ ಗುಡಿಸಿ ಅಷ್ಟು ದೊಡ್ಡ ಬಯಲನ್ನು ಅಡುಗೆಮನೆಯ ಹಾಗೆ ಇಡುತ್ತಿದ್ದಳು. ಐದು ಮನೆ, ನಾನೂರು ಕುರಿ, ಹನ್ನೊಂದು ಒಂಟೆ ಆ ನೀರಿನ ಮೇಲೆ ಬದುಕಿದವು. ಒಂದು ಹನಿ ಡೀಸೆಲ್ ಖರ್ಚಾಗಲಿಲ್ಲ, ಸರ್ಕಾರದಿಂದ ಯಾರೂ ಬಂದು ಸಹಾಯ ಮಾಡಲಿಲ್ಲ. ಅದೇ ತಪ್ಪಾಯಿತು. ಸರ್ಕಾರ ಮಾಡದೇ ಇದ್ದದ್ದು ಸರ್ಕಾರದ ಕಾಗದದಲ್ಲಿ ಇರುವುದಿಲ್ಲ.

ನಮ್ಮ ದೇಶಕ್ಕೆ ಹೊರಗಿನವರು ಬರುವುದು ಕಷ್ಟ, ನಾವು ಹೊರಗೆ ಹೋಗುವುದು ಇನ್ನೂ ಕಷ್ಟ. ಅಂಕಿಅಂಶ ಮಾತ್ರ ವೀಸಾ ಇಲ್ಲದೆ ಹೋಗಿಬರುತ್ತದೆ. ಎಷ್ಟು ಗಿಡ ನೆಟ್ಟೆವು, ಎಷ್ಟು ಮರುಭೂಮಿ ಹಸಿರಾಯಿತು ಎಂದು ಎಲ್ಲೋ ದೂರದ ಸಭೆಯಲ್ಲಿ ಓದುತ್ತಾರೆ, ಅಲ್ಲಿ ಚಪ್ಪಾಳೆ ಬೀಳುತ್ತದೆ, ಇಲ್ಲಿ ಪತ್ರಿಕೆಯಲ್ಲಿ ಆ ಚಪ್ಪಾಳೆಯ ಸುದ್ದಿ ಬರುತ್ತದೆ. ಪಾಳು ನೆಲವನ್ನೆಲ್ಲ ಉಪಯೋಗಕ್ಕೆ ತರಬೇಕು ಎಂದು ರಾಜಧಾನಿಯಲ್ಲಿ ಒಂದು ಯೋಜನೆ ಆಯಿತು. ನಕ್ಷೆಯಲ್ಲಿ ನಮ್ಮ ತಕೀರಿಗೆ ಬೂದು ಬಣ್ಣ ಬಳಿದು ಕೆಳಗೆ 'ನಿರುಪಯುಕ್ತ' ಎಂದು ಬರೆದರು. ಬರೆದವನು ಆ ಬಯಲನ್ನು ಕಣ್ಣಾರೆ ಕಂಡಿರಲಿಲ್ಲ. ಹೆದ್ದಾರಿಗೆ ಹತ್ತಿರ, ಸಪಾಟು, ಟ್ರಾಕ್ಟರು ಓಡಿಸಲು ಸಲೀಸು, ಕಾರಿನಲ್ಲಿ ಹೋಗುವ ದೊಡ್ಡವರ ಕಣ್ಣಿಗೆ ಬೀಳುತ್ತದೆ. ಅವರಿಗೆ ಇನ್ನೇನು ಬೇಕು?

ಆ ನಕ್ಷೆ ಹಿಡಿದು ಬಂದವನು ಜಿಲ್ಲಾ ಕಚೇರಿಯ ಬೆಗಲಿಯೇವ್. ಅರ್ಥಶಾಸ್ತ್ರ ಓದಿದವನು. ಅಂದು ನಾನೂ ಅಲ್ಲಿದ್ದೆ. ದೊಡ್ಡಮ್ಮ ಅವನ ಮುಂದೆ ಚಹಾ, ರೊಟ್ಟಿ ಇಟ್ಟಳು.

"ಅಕ್ಕಾ, ಇಲ್ಲಿ ಒಂದು ಹುಲ್ಲುಕಡ್ಡೀನೂ ಬೆಳೆಯಲ್ವಲ್ಲ," ಎಂದ.

"ಬೆಳೀಬಾರದು ಅಂತಾನೇ ಗುಡಿಸೋದು."

"ಏನೂ ಬೆಳೀದಿರೋ ನೆಲ ಕಾಯ್ಕೊಂಡು ಏನ್ಮಾಡ್ತೀರಿ? ಪೈನ್ ಗಿಡ ಹಾಕ್ತೀವಿ. ನೆರಳಾಗುತ್ತೆ."

"ಈಗ ನೀನು ಕುಡೀತಿರೋ ಚಹಾಕ್ಕೆ ನೀರೆಲ್ಲಿಂದ ಬಂತು ಅಂದ್ಕೊಂಡಿದೀಯ?"

"ಬಾವಿಯಿಂದ."

"ಬಾವಿಗೆ?"

ಅವನು ನಕ್ಕ. "ಬಾವಿ ಅಂದ್ಮೇಲೆ ನೀರಿರುತ್ತೆ ಅಕ್ಕಾ. ನಿಮ್ಮ ಬಾವಿ ಯಾರೂ ಮುಟ್ಟಲ್ಲ ಬಿಡಿ."

ಇಂಥವರನ್ನು ಓದಿಸಿದ್ದಕ್ಕೆ ನಾವು ತಲೆ ಚಚ್ಚಿಕೊಳ್ಳಬೇಕು. ನಾನೂ ಓದಿಸುವವನೇ. ತಾಲ್ಲೂಕು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ತಕೀರು ಎಂದರೇನು, ನೀರು ಹೇಗೆ ಹರಿಯುತ್ತದೆ ಎಂದು ಪಾಠ ಮಾಡುವವನು ನಾನೇ. ಅವತ್ತು ಬಾಯಿ ಬಿಡಲಿಲ್ಲ. ರೊಟ್ಟಿ ಮುರಿದುಕೊಂಡು ಕೂತಿದ್ದೆ.

ಮಾರ್ಚಿನಲ್ಲಿ ಟ್ರಾಕ್ಟರು ಬಂದು ತಕೀರನ್ನು ಉತ್ತಿತು. ಮರುದಿನ ಶನಿವಾರ ಶಾಲೆಯವರು, ಆಸ್ಪತ್ರೆಯವರು, ಅಂಚೆಯವರು ಎಲ್ಲರೂ ಸಲಿಕೆ ತೆಗೆದುಕೊಂಡು ಬರಬೇಕೆಂದು ಹುಕುಂ ಆಯಿತು. ಬಾರದವರ ಕೆಲಸ ಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಬಿಳಿ ಅಂಗಿ ಹಾಕಿಕೊಂಡು ಹೋದೆ. ಧ್ವನಿವರ್ಧಕದಲ್ಲಿ ಹಾಡು. 'ಸುಸ್ಥಿರ ಅಭಿವೃದ್ಧಿಯ ಹಸಿರು ಪಟ್ಟಿ' ಎಂಬ ಬ್ಯಾನರು ಗಾಳಿಗೆ ಪಟಪಟ ಅನ್ನುತ್ತಿತ್ತು. ಗಿಡ ನೆಡಲು ನನ್ನ ಪಾಲಿಗೆ ನಲವತ್ತು ಗುಂಡಿ.

ದೊಡ್ಡಮ್ಮ ಕಲ್ಲು ಹಿಡಿದುಕೊಂಡೇ ಬಂದಳು. ಹತ್ತಿರ ಬಂದಾಗ ಗುಂಡಿ ತೋಡುತ್ತಿದ್ದವನ ಮುಖ ಕಂಡಿತು. ಕಲ್ಲನ್ನು ಕೆಳಗೆ ಹಾಕಿದಳು.

"ಏನ್ ಮೇಷ್ಟ್ರೇ, ಎಷ್ಟು ತೋಡಿದ್ರಿ?" ಅಂದಳು. ಅದುವರೆಗೂ ನನ್ನನ್ನು ಬಹುವಚನದಲ್ಲಿ ಕರೆದವಳಲ್ಲ.

"ದೊಡ್ಡಮ್ಮ, ನಾನೊಬ್ಬ ತೋಡದೆ ಇದ್ರೆ ಇದು ನಿಲ್ಲುತ್ತಾ?"

"ನಿಲ್ಲಲ್ಲಪ್ಪ. ಆದ್ರೆ ನಲವತ್ತು ಗುಂಡಿ ಕಮ್ಮಿ ಆಗ್ತಿತ್ತು."

ಏಪ್ರಿಲ್‌ನಲ್ಲಿ ಒಂದು ಒಳ್ಳೆ ಮಳೆ ಬಂತು. ನೀರು ಅಂಚಿನ ಮರಳಿನ ಗುಂಡಿಯ ಕಡೆ ಹರಿಯಲೇ ಇಲ್ಲ, ಉತ್ತ ಸಾಲುಗಳಲ್ಲೇ ನಿಂತು, ಕೆಸರಾಗಿ, ಬಿಸಿಲಿಗೆ ಆರಿಹೋಯಿತು. ಗಿಡಗಳಿಗೆ ನೀರು ತರುತ್ತೇವೆ ಎಂದಿದ್ದ ಟ್ಯಾಂಕರು ಎರಡು ವಾರ ಬಂದು ಆಮೇಲೆ ನಾಪತ್ತೆಯಾಯಿತು. ಬೆಗಲಿಯೇವ್ ತಲೆ ಓಡಿಸಿದ. ಏಳರಲ್ಲಿ ದೊಡ್ಡ ಬಾವಿಗೆ ಡೀಸೆಲ್ ಪಂಪು ಇಳಿಸಿದ. ನಾಲ್ಕು ಬಕೆಟ್ಟು ಸೇದಿ ಕೈ ತೆಗೆಯುವ ಬಾವಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಪಂಪು ಓಡಿತು. ಅರವತ್ತು ವರ್ಷ ಕಾಪಾಡಿಕೊಂಡು ಬಂದ ಕೆನೆಯನ್ನು ಎರಡೇ ತಿಂಗಳಲ್ಲಿ ಹೀರಿ, ಈ ಮಣ್ಣಿನಲ್ಲಿ ಬದುಕದ ಗಿಡಗಳ ಬುಡಕ್ಕೆ ಸುರಿದರು. ಜೂನ್ ಮುಗಿಯುವಷ್ಟರಲ್ಲಿ ದೊಡ್ಡ ಬಾವಿ ಉಪ್ಪಾಯಿತು. ಪಕ್ಕದ ಎರಡೂ ಅದರ ಹಿಂದೆಯೇ ಹೋದವು. ಉಳಿದ ನಾಲ್ಕು ಇನ್ನೂ ಸಿಹಿಯಾಗಿದ್ದವು. ಪಂಪು ತಕ್ಷಣ ನಿಂತರೆ ಅವು ಉಳಿಯುತ್ತವೆ, ನಿಲ್ಲದಿದ್ದರೆ ಈ ಬೇಸಿಗೆಯಲ್ಲೇ ಎಲ್ಲ ಮುಗಿಯುತ್ತದೆ ಎಂದಳು ದೊಡ್ಡಮ್ಮ.

ಅರ್ಜಿ ಬರೆದುಕೊಡು ಎಂದು ನನ್ನ ಹತ್ತಿರ ಬಂದಳು. "ಕಣ್ಣು ಕಾಣದಿದ್ರೆ ನಾಲಿಗೆ ಇದೆಯಲ್ಲ, ಬಂದು ಕುಡಿದು ನೋಡಿ ಅಂತ ಬರಿ," ಎಂದಳು. 'ನೀರಿನ ಗುಣಮಟ್ಟದ ಪರಿಶೀಲನೆಯನ್ನು ದಯಮಾಡಿ ಪರಿಗಣಿಸಬೇಕಾಗಿ ಕೋರಿಕೆ' ಎಂದು ಬರೆದೆ. ಎರಡು ಸಲ ಕಳಿಸಿದೆವು, ಉತ್ತರ ಬರಲಿಲ್ಲ. ನನ್ನಂಥ ಹೇಡಿ ಬರೆದ ಅರ್ಜಿಗೆ ನಾನೇ ಆಗಿದ್ದರೂ ಉತ್ತರ ಕೊಡುತ್ತಿರಲಿಲ್ಲ.

ಆಗಸ್ಟಿನಲ್ಲಿ ರಾಜಧಾನಿಯಿಂದ ತಪಾಸಣೆಯವರು ಬರುತ್ತಾರೆ ಎಂದು ಗೊತ್ತಾಯಿತು. ಹೊರದೇಶದ ಸಭೆಗೆ ಕಳಿಸುವ ವರದಿಗಾಗಿ ಬರುವವರು. ಅವರ ಫಾರಂನಲ್ಲಿ ನೀರು ಸಿಹಿಯೋ ಉಪ್ಪೋ ಎಂಬ ಕಲಂ ಇತ್ತು. ಉಪ್ಪು ಎಂದು ಬರೆದರೆ ಅವರದೇ ನಿಯಮದ ಪ್ರಕಾರ ಅಂದೇ ಪಂಪು ಎತ್ತಬೇಕು. ಸ್ಥಳೀಯ ಸಾಕ್ಷಿಯಾಗಿ ಒಬ್ಬ ಸರ್ಕಾರಿ ನೌಕರನ ರುಜು ಬೇಕು. ಬೆಗಲಿಯೇವ್ ನನ್ನ ಹೆಸರು ಕೊಟ್ಟಿದ್ದ. ನನ್ನ ಬಾಯಿ ಎಂಥದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವಿಷಯ ಕೇಳಿ ದೊಡ್ಡಮ್ಮನ ಮುಖ ಅರಳಿತು. "ನಾನು ಜಗಳ ಆಡಲ್ಲ. ದೊಡ್ಡ ಬಾವಿ ನೀರಲ್ಲಿ ಚಹಾ ಮಾಡಿ ಕೊಡ್ತೀನಿ. ನೀನು ಒಂದು ಗುಟುಕು ಕುಡಿದು, ಉಪ್ಪು ಅಂತ ಒಂದು ಮಾತು ಹೇಳು. ಅಷ್ಟೇ ಸಾಕು."

"ಹೇಳ್ತೀನಿ ದೊಡ್ಡಮ್ಮ."

"ನಿಮ್ಮಮ್ಮನ ಮೇಲಾಣೆ?"

"ಆಣೆ."

ಬಂದವರು ಆರು ಜನ. ತಕೀರಿನ ಅಂಚಿನಲ್ಲಿ ಒಣಗಿದ ಗಿಡ ಕಿತ್ತು ಹಿಂದಿನ ದಿನವಷ್ಟೇ ನರ್ಸರಿಯಿಂದ ತಂದ ಹಸಿರು ಗಿಡ ಚುಚ್ಚಿದ್ದರು, ರಸ್ತೆಗೆ ಕಾಣುವಷ್ಟು ಉದ್ದಕ್ಕೆ. ಅವರು ಅಷ್ಟನ್ನೇ ನೋಡಿದರು. ಆಮೇಲೆ ದೊಡ್ಡಮ್ಮನ ಮನೆಯಲ್ಲಿ ಜಮಖಾನದ ಮೇಲೆ ಕೂತರು. ನಮ್ಮಲ್ಲಿ ಅತಿಥಿಗೆ ತಲೆಗೊಂದು ಕೆಟಲು, ತಲೆಗೊಂದು ಬಟ್ಟಲು. ಅವಳು ಒಬ್ಬೊಬ್ಬರ ಮುಂದೆಯೂ ಒಂದೊಂದು ಪಿಂಗಾಣಿ ಕೆಟಲು ಇಟ್ಟಳು. ಬೆಗಲಿಯೇವ್‌ಗೊಂದು, ನನಗೊಂದು. ಹಾಲು ಸಕ್ಕರೆ ಇಲ್ಲದ ಹಸಿರು ಚಹಾ, ನೀರಿನ ರುಚಿ ಬಚ್ಚಿಡುವುದಕ್ಕೆ ಅದರಲ್ಲಿ ಏನೂ ಇಲ್ಲ.

ಇಟ್ಟವಳು ಹಿಂದೆ ಸರಿದು, ತಲೆವಸ್ತ್ರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ನಿಂತಳು. ಮಾವನ ಮುಂದೆ ಮಾತಾಡಬಾರದೆಂದು ನಮ್ಮ ಸೊಸೆಯಂದಿರು ಹಾಗೆ ಕಚ್ಚಿಕೊಳ್ಳುತ್ತಾರೆ. ದೊಡ್ಡಮ್ಮ ಜನ್ಮದಲ್ಲಿ ಯಾರ ಮುಂದೆಯೂ ಹಾಗೆ ನಿಂತವಳಲ್ಲ. ಅಂದು ತನ್ನ ಮಾತನ್ನೆಲ್ಲ ನನಗೆ ಬಿಟ್ಟುಕೊಟ್ಟಿದ್ದಳು.

ರಾಜಧಾನಿಯ ಹಿರಿಯ ಸಾಹೇಬರು ಮೊದಲ ಗುಟುಕು ಕುಡಿದರು. ಗಂಟಲು ಒಂದು ಕ್ಷಣ ನಿಂತಿತು, ಕಣ್ಣು ಬೆಗಲಿಯೇವ್ ಕಡೆ ಹೋಯಿತು. ಬೆಗಲಿಯೇವ್ ಕುಡಿದು, "ಮರುಭೂಮಿಯ ಚಹಾದ ರುಚಿಯೇ ಬೇರೆ ಸಾರ್," ಎಂದ. ಉಳಿದವರು ಕುಡಿದರು. ಒಬ್ಬರು ತಲೆಯಾಡಿಸಿದರು, ಇನ್ನೊಬ್ಬರು ಚೆನ್ನಾಗಿದೆ ಎಂದರು. ಹೊಟ್ಟೆ ತೊಳಸುವ ಆ ನೀರನ್ನು ಆರು ಜನ ವಿದ್ಯಾವಂತರು ಕೋಟು ಹಾಕಿಕೊಂಡು ನುಂಗಿದರು. ವರದಿ ಆಗಲೇ ಟೈಪಾಗಿ ಬ್ಯಾಗಿನಲ್ಲಿತ್ತು.

ಹಿರಿಯ ಸಾಹೇಬರು ನನ್ನ ಕಡೆ ತಿರುಗಿದರು. "ಭೂಗೋಳದ ಮೇಷ್ಟ್ರಂತೆ ನೀವು. ಹೇಗಿದೆ ನೀರು?"

ಬಟ್ಟಲು ತುಟಿಗಿಟ್ಟೆ. ನಾಲಿಗೆ ಸುಟ್ಟಂತಾಯಿತು, ಬಿಸಿಗಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಸಂಬಳ, ಸರ್ಕಾರಿ ಮನೆ, ಮುಂದಿನ ವರ್ಷ ಕಾಲೇಜು ಸೇರಬೇಕಾದ ಮಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಸಿಹಿಯಾಗಿದೆ ಸಾರ್," ಎಂದೆ. ರುಜು ಹಾಕಿದೆ.

ಕಾರುಗಳು ಹೋದವು. ನಾನು ಏಳಲು ನೋಡಿದೆ. ದೊಡ್ಡಮ್ಮ ಹಲ್ಲಿನಿಂದ ವಸ್ತ್ರ ಬಿಟ್ಟು, ನನ್ನೆದುರು ಬಂದು ಕೂತಳು. ನನ್ನ ಕೆಟಲು ಹಾಗೇ ತುಂಬಿತ್ತು. ಬಟ್ಟಲಿಗೆ ಸುರಿದಳು.

"ಕುಡಿ."

"ದೊಡ್ಡಮ್ಮ..."

"ಸಿಹಿಯಾಗಿದೆ ಅಂದ್ಯಲ್ಲ. ಕುಡಿ."

ಕುಡಿದೆ. ಮತ್ತೆ ಸುರಿದಳು. ಬೈದಿದ್ದರೆ, ಕಲ್ಲು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೇರೆ ಅತಿಥಿಗಳಿಗೆ ಸುರಿದ ಹಾಗೆಯೇ, ಬಟ್ಟಲು ಅರ್ಧ ಬರಿದಾದಾಗಲೆಲ್ಲ ಮರ್ಯಾದೆಯಿಂದ ಸುರಿದಳು. ಹೊರಗೆ ಪಂಪು ಓಡುತ್ತಿತ್ತು. ಮೂರನೇ ಬಟ್ಟಲಿಗೆ ಕಣ್ಣಲ್ಲಿ ನೀರು ಬಂತು.

"ಮೊನ್ನೆ ಇದೇ ನೀರನ್ನ ಕುರಿಗಳಿಗೆ ಇಟ್ಟಿದ್ದೆ," ಎಂದಳು ಅವಳು. "ಮೂಸಿ ನೋಡಿ ಮುಖ ತಿರುಗಿಸಿದ್ವು. ಒಂದೂ ಬಾಯಿ ಹಾಕಲಿಲ್ಲ. ಅವುಕ್ಕೆ ಸಂಬಳ ಇಲ್ಲ ನೋಡು."

ಕೆಟಲಿನಲ್ಲಿ ಇನ್ನೂ ಇತ್ತು. ನಾನೇ ಸುರಿದುಕೊಂಡು ಕುಡಿದೆ.