ನಾದಿನಿಯ ಹೆಸರಿನಲ್ಲಿ ಬಂದ ರಿಪೋರ್ಟ್

ಹೋದ ಬುಧವಾರ ಬೆಳಿಗ್ಗೆ ಮಲ್ಲೇಶ್ವರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ "ಕಮಲಾಕ್ಷಿ... ಕಮಲಾಕ್ಷಿ ಯಾರ್ರೀ?" ಎಂದು ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. ನಾಲ್ಕನೆಯ ಸಲ ಕೂಗಿದಾಗ ನಾನು ಗಡಬಡಿಸಿ ಎದ್ದೆ. ಕಮಲಾಕ್ಷಿ ಎಂದು ಹೆಸರು ಬರೆಸಿ ಕೂತವಳು ನಾನೇ!

ಕಮಲಾಕ್ಷಿ ನನ್ನ ನಾದಿನಿ. ಓಕಳಿಪುರಂನಲ್ಲಿ ಗಂಡನ ಜೊತೆ ತರಕಾರಿ ಅಂಗಡಿ ನಡೆಸುತ್ತಾಳೆ. ಆ ಸೆಂಟರಿನ ಮೆಟ್ಟಿಲನ್ನೂ ಹತ್ತಿದವಳಲ್ಲ. ಕೌಂಟರಿನಲ್ಲಿ "ಹೆಸರು ಹೇಳಿ ಮೇಡಂ" ಎಂದಾಗ ನನ್ನ ಬಾಯಿಗೆ ಬಂದದ್ದು ಅವಳ ಹೆಸರು.

ಯಾಕೆ? ಹೇಳುತ್ತೇನೆ.

ನನ್ನ ಕೆಲಸ ನಿಮಗೆ ಗೊತ್ತು. (ಹೊಸದಾಗಿ ಓದುವವರಿಗೆ: ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಸೋಷಿಯಲ್ ವರ್ಕರ್. ಡಾಕ್ಟರು ಕಾಯಿಲೆ ನೋಡುತ್ತಾರೆ, ನಾನು ಕಾಯಿಲೆಯವರ ಮನೆಯ ಪರಿಸ್ಥಿತಿ ನೋಡುತ್ತೇನೆ.) ಹೊಸ ಪೇಷಂಟ್ ಬಂದರೆ ಮೂರು ಫೋನ್ ನಂಬರ್ ಬರೆದುಕೊಂಡು, ಮೂರಕ್ಕೂ ಅವರೆದುರೇ ರಿಂಗ್ ಕೊಟ್ಟು ನೋಡುತ್ತೇನೆ. ಹೆದರಿದ ಜನ ಸುಳ್ಳು ಹೇಳುತ್ತಾರೆ, ನೋಡಿ. ತಪ್ಪು ನಂಬರ್ ಕೊಟ್ಟು ನಾಪತ್ತೆಯಾಗುತ್ತಾರೆ. ಅಕ್ಕಪಕ್ಕದವರಿಗೆ ಗೊತ್ತಾಗಬಾರದೆಂದು ಬೇರೆ ಯಾರದೋ ಹೆಸರಿನಲ್ಲಿ ಟೆಸ್ಟ್ ಮಾಡಿಸಿಕೊಂಡು ಬರುತ್ತಾರೆ.

ಅಂಥವರನ್ನು ನಾನು ಬೈಯುತ್ತೇನೆ. ಸರಿಯಾಗಿಯೇ ಬೈಯುತ್ತೇನೆ. "ಹೆಸರೇ ಬೇರೆ ಇದ್ರೆ ಈ ರಿಪೋರ್ಟ್ ಇಟ್ಕೊಂಡು ಏನಮ್ಮಾ ಮಾಡೋಣ? ಎಲ್ಲ ಮತ್ತೆ ಮೊದಲಿಂದ ಮಾಡಿಸ್ಬೇಕು!" ಬೈದರೇನೇ ಜನ ಎಚ್ಚರವಾಗುವುದು ಎಂದು ನಂಬಿಕೊಂಡು ಬಂದವಳು ನಾನು.

ಆ ಬುಧವಾರಕ್ಕೆ ಹನ್ನೊಂದು ದಿನ ಮುಂಚೆ, ಸ್ನಾನ ಮಾಡುವಾಗ ನನ್ನ ಕೈ ಬಲ ಎದೆಯ ಮೇಲೆ ನಿಂತುಬಿಟ್ಟಿತು. ಒಂದು ಕಡಲೆಕಾಳಿನಷ್ಟು ಗಂಟು. ಒತ್ತಿದೆ, ಅಲ್ಲೇ ಇತ್ತು. ನೀರು ಹಾಕಿಕೊಂಡು ಮತ್ತೆ ಒತ್ತಿದೆ. ಆಗಲೂ ಅಲ್ಲೇ ಇತ್ತು.

ಅವತ್ತೇ ನಮ್ಮ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತಲ್ಲವೇ? ತೋರಿಸಲಿಲ್ಲ. ದಿನವೂ ಕೆಲಸಕ್ಕೆ ಹೋದೆ, ಬೇರೆಯವರಿಗೆ ಧೈರ್ಯ ಹೇಳಿದೆ, ಮ್ಯಾಮೋಗ್ರಾಮ್ ರೂಮಿನ ಮುಂದೆ ಮಾತ್ರ ಬೇಗ ಬೇಗ ನಡೆದೆ. ಅಲ್ಲಿಯ ಟೆಕ್ನಿಷಿಯನ್ ದಿನಾ ನನ್ನ ಜೊತೆ ಟೀ ಕುಡಿಯುವವಳು. ಸಂಜೆಯೊಳಗೆ "ನಮ್ಮ ಮೇಡಂಗೇ ಬಂದಿದೆಯಂತೆ" ಎಂದು ಇಡೀ ಕ್ಯಾಂಟೀನು ಮಾತಾಡಿಕೊಳ್ಳುವುದನ್ನು ನೆನೆಸಿಕೊಂಡು ದಿನ ಮುಂದೂಡುತ್ತಿದ್ದೆ. ಕೊನೆಗೆ ಗಂಡನಿಗೆ ಹಲ್ಲುನೋವೆಂದು ಸುಳ್ಳು ಹೇಳಿ, ಚಾಮರಾಜಪೇಟೆಯ ಮನೆಯಿಂದ ಮಲ್ಲೇಶ್ವರಕ್ಕೆ ಆಟೋ ಹತ್ತಿದೆ.

ಸ್ಕ್ಯಾನ್ ಮುಗಿಯಿತು. ಅಲ್ಲಿಯ ಡಾಕ್ಟರ್ ಚಿಕ್ಕ ವಯಸ್ಸಿನವರು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ಕಮಲಾಕ್ಷಿ ಅವ್ರೆ, ಗಾಬರಿ ಆಗೋ ಅಂಥದ್ದೇನಿಲ್ಲ. ಒಂದು ಬಯಾಪ್ಸಿ ಮಾಡಿಸ್ಬಿಡೋಣ. ಜೊತೇಲಿ ಯಾರಾದ್ರೂ ಬಂದಿದಾರಾ?"

ಕುರ್ಚಿ ಎಳೆದುಕೊಳ್ಳುವುದು ಯಾವಾಗ ಎಂದು ನನಗೆ ಗೊತ್ತಿಲ್ಲವೇ? ಆ ಮೆತ್ತನೆಯ ದನಿ ನನ್ನದೇ. ದಿನಕ್ಕೆ ಹತ್ತು ಸಲ ಆಡುವ ದನಿ. ಅದನ್ನು ಕೇಳಿಸಿಕೊಳ್ಳುವುದು ಇಷ್ಟು ಭಯಂಕರ ಎಂದು ಮಾತ್ರ ಗೊತ್ತಿರಲಿಲ್ಲ.

ರಿಪೋರ್ಟಿನ ಕೊನೆಯಲ್ಲಿ ನಾಲ್ಕು ಎಂಬ ಅಂಕಿ ಇತ್ತು. ಎರಡಾಗಿದ್ದರೆ ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಬಹುದಿತ್ತು. ನಾಲ್ಕು ಅಂದರೆ ಅನುಮಾನ. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು. ಕ್ಯಾನ್ಸರ್ ಅಲ್ಲದೆಯೂ ಇರಬಹುದು. ಇದನ್ನು ನಾನು ಎಷ್ಟೋ ಜನರಿಗೆ ಬಿಡಿಸಿ ಬಿಡಿಸಿ ಹೇಳಿದ್ದೇನೆ. ಆಟೋದಲ್ಲಿ ನನಗೆ ನಾನೇ ಹೇಳಿಕೊಂಡೆ. ಒಂದಕ್ಷರವೂ ಒಳಗಿಳಿಯಲಿಲ್ಲ.

ಅಷ್ಟರಲ್ಲಿ ರಿಪೋರ್ಟಿನ ಮೇಲ್ಭಾಗಕ್ಕೆ ಕಣ್ಣು ಹೋಯಿತು. ಕಮಲಾಕ್ಷಿ. ದಪ್ಪ ಅಕ್ಷರದಲ್ಲಿ.

ಅಪಶಕುನ ಗಿಪಶಕುನ ನಂಬುವವಳಲ್ಲ ನಾನು. (ರಾಹುಕಾಲವೆಂದು ಕೀಮೋ ಮುಂದೂಡುವವರ ಜೊತೆ ಜಗಳವಾಡಿಯೇ ಅರ್ಧ ಆಯಸ್ಸು ಕಳೆದಿದ್ದೇನೆ.) ಆದರೂ ಏನೂ ಅರಿಯದ ಆ ಹೆಂಗಸಿನ ಹೆಸರಿಗೆ ಇದನ್ನು ನಾನೇ ಅಂಟಿಸಿಬಿಟ್ಟೆನಲ್ಲ ಎಂದುಕೊಂಡೆ. ಮೂರು ದಿನ ನಿದ್ದೆ ಹತ್ತಲಿಲ್ಲ. ಭಾನುವಾರ ಅವಳ ಮನೆಗೇ ಹೋದೆ.

ಕಮಲ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಗಂಟು, ಸುಳ್ಳು ಹೆಸರು, ನಾಲ್ಕು. ತಪ್ಪಾಯಿತು ಎಂದೆ. ಅವಳು ಬೈಯಲಿಲ್ಲ. ಕೈ ಒರೆಸಿಕೊಂಡು ಎದ್ದುಹೋಗಿ ಬಾಗಿಲು ಹಾಕಿ ಬಂದಳು.

"ಅತ್ತಿಗೆ, ನಿಮ್ಗೇನೂ ಆಗಲ್ಲ. ಸುಮ್ನಿರಿ." ಬಾಗಿಲತ್ತ ಇನ್ನೊಮ್ಮೆ ನೋಡಿ, "ನಂಗೂ ಒಂದಿದೆ, ನೋಡ್ತೀರಾ?" ಎಂದಳು.

ನನ್ನ ಕೈ ಹಿಡಿದು ತನ್ನ ಎಡ ಕಂಕುಳ ಬಳಿ ಇಟ್ಟಳು. ಗಟ್ಟಿಯಾಗಿತ್ತು. ನನ್ನದಕ್ಕಿಂತ ಬಹಳ ದೊಡ್ಡದು.

"ಎಷ್ಟು ದಿನದಿಂದ?"

"ಯುಗಾದಿ ಟೈಮಿಂದ."

ಎಂಟು ತಿಂಗಳು! "ಮನೆಯವಳೇ ನಾನಿದೀನಿ ಕಮಲ, ಇದೇ ಕೆಲಸ ಮಾಡ್ತೀನಿ. ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೂಗಿಯೇಬಿಟ್ಟೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಮ್ಮ ಪಕ್ಕದ್ಮನೆ ಪದ್ಮಕ್ಕ ಗಂಟನ್ನ ಲೇಟಾಗಿ ತೋರಿಸಿದ್ರು ಅಂತ ನಮ್ಮ ಗೃಹಪ್ರವೇಶದಲ್ಲಿ ಅಷ್ಟು ಜನದ ಮುಂದೆ, 'ಆರು ತಿಂಗ್ಳು ಏನ್ ಕಡ್ದು ಗುಡ್ಡೆ ಹಾಕ್ತಿದ್ರಿ' ಅಂತ ಕೇಳಿದ್ರಲ್ಲ ನೀವು. ಪಾಪ, ಅವ್ರು ಊಟ ಬಿಟ್ಟು ಎದ್ದುಹೋದ್ರು. ನಂಗೂ ಹಂಗೇ ಅಂತೀರ ಅಂತ... ಆಮೇಲೆ ದಿನ ಕಳೀತಾ ಕಳೀತಾ ಇನ್ನೂ ಜಾಸ್ತಿ ಬೈತೀರ ಅಂತ..."

ಪದ್ಮಕ್ಕ ಊಟ ಬಿಟ್ಟು ಎದ್ದದ್ದನ್ನು ನಾನು ಗಮನಿಸಿಯೂ ಇರಲಿಲ್ಲ.

ನಾಳೆ ಬೆಳಿಗ್ಗೆ ಇಬ್ಬರೂ ನಮ್ಮ ಆಸ್ಪತ್ರೆಗೇ ಹೋಗುತ್ತಿದ್ದೇವೆ, ಅವರವರ ಹೆಸರಿನಲ್ಲಿ. ನನಗೆ ಭಯವಾಗುತ್ತಿದೆ, ಮುಚ್ಚಿಡುವುದೇನು? ನನ್ನ ನಾಲ್ಕಕ್ಕಿಂತ ಅವಳ ಎಂಟು ತಿಂಗಳಿಗೆ ಹೆಚ್ಚು ಭಯವಾಗುತ್ತಿದೆ. ಅದರ ಜೊತೆಗೆ ಇನ್ನೊಂದು ಲೆಕ್ಕಕ್ಕೂ.

ಕ್ಯಾನ್ಸರಿಗಿಂತ ನನಗೇ ಹೆಚ್ಚು ಹೆದರಿ ಮನೆಯಲ್ಲೇ ಉಳಿದವರು, ಈ ಹದಿನೆಂಟು ವರ್ಷಗಳಲ್ಲಿ ಇನ್ನೆಷ್ಟು ಮಂದಿ?