ಆರ್ಡಿಸಜ್ಜಿಯ ವಯಸ್ಸು

"ಅಮ್ಮಾ, ಆರ್ಡಿಸಜ್ಜಿಗೆ ಎಷ್ಟು ವರ್ಷ?" ಎಂದು ಮಗಳು ಕೇಳಿದಾಗ ಬ್ರಿಟಾ ನಕ್ಕು ಅಂಗಡಿಯ ಬಾಗಿಲು ತೆಗೆದಳು. ಸುಪೀರಿಯರ್ ಸರೋವರದ ದಡದ ಆ ಊರಿನಲ್ಲಿ ಮೀನು ಹಿಡಿಯುವ ಲೈಸೆನ್ಸ್ ಸಿಗುವುದು ಬ್ರಿಟಾಳ ಗಾಳದ ಅಂಗಡಿಯಲ್ಲೇ; ಅದಕ್ಕೆ ವಯಸ್ಸನ್ನು ಕಂಪ್ಯೂಟರ್‌ಗೆ ತುಂಬುವವಳೂ ಅವಳೇ.

ಎಪ್ಪತ್ತು ದಾಟಿದವರಿಗೆ ಲೈಸೆನ್ಸ್ ಪುಕ್ಕಟೆ ಕೊಡಿ ಎಂದು ಸಭೆ ಸಭೆಯಲ್ಲೂ ಮೇಜು ಗುದ್ದಿದವಳು ಪಕ್ಕದ ಮನೆಯ ಈ ಆರ್ಡಿಸ್. ಈ ವರ್ಷ ರಾಜ್ಯದ ನಿಯಮ ಬದಲಾಗಿಯೇಬಿಟ್ಟಿತು. ಆದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ಒಂದೇ ಗುಡಿಸಲಲ್ಲಿ ಕೂತು, ಮಂಜುಗಡ್ಡೆ ಕೊರೆದು ಜೊತೆಗೆ ಗಾಳ ಹಾಕುವ ಹೊಸ ಗೆಳೆಯ ವೈನೊಗೆ ಅವಳು ಹೇಳಿದ್ದ ವಯಸ್ಸು ಅರವತ್ತೆರಡು.

ಇಬ್ಬರೂ ಇವತ್ತು ಲೈಸೆನ್ಸ್ ಮಾಡಿಸಲು ಅಂಗಡಿಗೆ ಬಂದರು. "ಊರಿಗೆಲ್ಲಾ ಪುಕ್ಕಟೆ ಮಾಡ್ಸಿದೆ, ಪಾಪ, ನೀನು ಮಾತ್ರ ಇನ್ನೂ ಎಂಟು ವರ್ಷ ಕಾಯ್ಬೇಕಲ್ಲೇ!" ಎಂದು ಕಿಚಾಯಿಸಿ ವೈನೊ ಗಾಳ ನೋಡಲು ಆಚೆ ಸರಿದ.

ಆರ್ಡಿಸ್ ಬ್ರಿಟಾಳ ಕಿವಿಯತ್ತ ಬಗ್ಗಿದಳು. "ನನ್ ಬಂಗಾರ, ಎಪ್ಪತ್ಮೂರು ಅಂತ ಕಂಪ್ಯೂಟರ್‌ಗೆ ಮಾತ್ರ ಹೇಳು. ಅವನ ಕಣ್ಣೆದುರಿಗೆ ಪೂರ್ತಿ ದುಡ್ಡು ಇಸ್ಕೊ. ಸಂಜೆ ಮಗೂ ಕೈಲಿ ವಾಪಸ್ ಕಳ್ಸಿಬಿಡು."